ಗಣಕವಿದ್ಯೆಯ ಉಮೇದುವಾರರನ್ನು ಪರೀಕ್ಷಿಸುವ ಬಗೆ

ತೊಗರಿಯನ್ನು ಕೊಳ್ಳುವ ವ್ಯಾಪಾರಿಯು ಚೀಲದ ಬಾಯಿಯಲ್ಲಿರುವ ಕಾಳನ್ನು ಮಾತ್ರ ನೋಡಿ ಬೆಲೆ ಕಟ್ಟುವುದಿಲ್ಲ. ಮೊನೆಯುಳ್ಳ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ನಡುವಣ ಕಾಳನ್ನು ಅಂಗೈಗೆ ಸುರಿದುಕೊಂಡು, ತಿಕ್ಕಿ, ಕಚ್ಚಿ, ಒಡೆದು ನೋಡುತ್ತಾನೆ. ಕಲಬುರಗಿಯ ಸೀಮೆಯಲ್ಲಿ ಇದು ಮಕ್ಕಳಿಗೂ ತಿಳಿದ ಸಂಗತಿ. ಕಾಳಿನ ವಿಷಯದಲ್ಲಿ ಇಷ್ಟು ಜಾಗರೂಕರಾದ ನಾವು ಮನುಷ್ಯರನ್ನು ಕೆಲಸಕ್ಕೆ ಆರಿಸುವಾಗ ಮಾತ್ರ ಚೀಲದ ಬಾಯನ್ನೇ ನೋಡಿ ತೃಪ್ತರಾಗುವುದುಂಟು. ಉಡುಪು, ಮಾತಿನ ಓಟ, ಊರಿನ ಹೆಸರು, ಕಾಲೇಜಿನ ಕೀರ್ತಿ, ಇವುಗಳನ್ನು ಕಂಡು ತೀರ್ಮಾನ ಕೊಟ್ಟುಬಿಡುವವರು ಬಹು ಮಂದಿ. ಸಾಫ್ಟ್‌ವೇರ್ ಕೆಲಸಕ್ಕೆ ಬರುವ ತರುಣ ತರುಣಿಯರನ್ನು ಪರೀಕ್ಷಿಸುವ ಪದ್ಧತಿ ಯಾವುದು, ಅದರಲ್ಲಿರುವ ದೋಷಗಳಾವುವು, ಒಳ್ಳೆಯ ಪರೀಕ್ಷೆ ಹೇಗಿರತಕ್ಕದ್ದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ.

ಇದು ಕಂಪನಿಗಳ ಮಾತು, ಗೃಹಸ್ಥರಿಗೆ ಇದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಕಲಬುರಗಿಯ ರೋಜಾ ಮೊಹಲ್ಲೆಯನ್ನು ಒಮ್ಮೆ ಸುತ್ತಿ ಬಂದವರು ಈ ಪ್ರಶ್ನೆಯನ್ನು ಕೇಳಲಾರರು. 1422ರಲ್ಲಿ ದಿವಂಗತರಾದ ಖ್ವಾಜಾ ಬಂದೇನವಾಜ್ ಗೇಸೂದರಾಜರ ದರ್ಗಾದ ಸುತ್ತ ಬೆಳೆದ ನೆರೆ ಇದು. ಖ್ವಾಜಾ ಅವರು ಸ್ವತಃ ಗ್ರಂಥಕರ್ತರು; ಅವರ ಕಾಲದಿಂದಲೂ ಇಲ್ಲಿ ಓದುಬರಹಕ್ಕೆ ಮರ್ಯಾದೆಯುಂಟು. ಅದೇ ರೋಜಾದಲ್ಲಿ ಈಗ 2018ರಲ್ಲಿ ಸ್ಥಾಪಿತವಾದ ಖ್ವಾಜಾ ಬಂದೇನವಾಜ್ ವಿಶ್ವವಿದ್ಯಾಲಯವಿದ್ದು, ಅದರ ಇಂಜಿನಿಯರಿಂಗ್ ಶಾಖೆಯಲ್ಲಿ ಗಣಕವಿದ್ಯೆಯನ್ನು ಕಲಿಸುತ್ತಾರೆ. ಊರಿನ ಮತ್ತೊಂದು ಕಡೆ 1958ರಷ್ಟು ಹಿಂದೆಯೇ ಆರಂಭವಾದ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜೂ, 2017ರ ಶರಣಬಸವ ವಿಶ್ವವಿದ್ಯಾಲಯವೂ ಇವೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆಯ ಹಳ್ಳಿಗಳಿಂದಲೂ ಮಕ್ಕಳು ಬಸ್ಸು ಹತ್ತಿ ಕಲಬುರಗಿಗೆ ಓದಲು ಬರುತ್ತಾರೆ. ತಂದೆಯು ಎಕರೆ ಮಾರಿಯೋ, ತಾಯಿಯು ಬಳೆ ಅಡವಿಟ್ಟೋ ನಾಲ್ಕು ವರ್ಷ ಓದಿಸಿದ ಮೇಲೆ, ಆ ನಾಲ್ಕು ವರ್ಷಗಳ ಫಲವು ಒಂದು ಗಂಟೆಯ ಸಂದರ್ಶನದಲ್ಲಿ ತೂಗಲ್ಪಡುತ್ತದೆ. ತಕ್ಕಡಿ ಸರಿಯಾಗಿದೆಯೇ ಎಂದು ವಿಚಾರಿಸುವ ಹಕ್ಕು ಗೃಹಸ್ಥನಿಗೆ ಇಲ್ಲದೆ ಮತ್ತಾರಿಗೆ ಇರಬೇಕು?

ಇನ್ನೊಂದು ಕಾರಣವೂ ಉಂಟು. ಹತ್ತಿಪ್ಪತ್ತು ವರ್ಷಗಳ ಕೆಳಗೆ ಇದೇ ಊರುಗಳಿಂದ ಬೆಂಗಳೂರಿಗೂ ಹೈದರಾಬಾದಿಗೂ ಹೋದ ಮಕ್ಕಳು ಈಗ ಮೇಜಿನ ಆಚೆ ಬದಿಯಲ್ಲಿ ಕುಳಿತು ಪ್ರಶ್ನೆ ಕೇಳುವವರಾಗಿದ್ದಾರೆ. ಇತ್ತ ದಾಲ್ ಮಿಲ್ಲು, ಆಸ್ಪತ್ರೆ, ಶಾಲೆ ಮುಂತಾದುವುಗಳನ್ನು ನಡೆಸುವವರೂ ಲೆಕ್ಕಪತ್ರದ ಪ್ರೋಗ್ರಾಮು ಬರೆಯಿಸಲು ಒಬ್ಬಿಬ್ಬರನ್ನು ನೇಮಿಸಿಕೊಳ್ಳುತ್ತಿದ್ದಾರೆ. ಆದಕಾರಣ ಪರೀಕ್ಷೆ ಕೊಡುವ ಮನೆಗಳಷ್ಟೇ ಅಲ್ಲ, ಪರೀಕ್ಷೆ ಮಾಡುವ ಮನೆಗಳೂ ನಮ್ಮ ವಾಚಕರಲ್ಲಿ ಇವೆಯೆಂದು ಭಾವಿಸಿ ಮುಂದುವರಿಯುತ್ತೇವೆ.

ಕೆಲಸದ ಸ್ವರೂಪ

ಪ್ರೋಗ್ರಾಮು ಬರೆಯುವುದೆಂದರೇನು? ಬಹಳ ವಿಧೇಯನಾದ, ಬಹಳ ಚುರುಕಾದ, ಆದರೆ ಸ್ವಂತ ಬುದ್ಧಿಯು ಎಳ್ಳಷ್ಟೂ ಇಲ್ಲದ ಒಬ್ಬ ಆಳಿಗೆ ಕೆಲಸವನ್ನು ಬರೆದು ಕೊಡುವುದು. “ಅಂಗಡಿಗೆ ಹೋಗಿ ಉಪ್ಪು ತಾ” ಎಂದರೆ ನಮ್ಮ ಮನೆಯ ಹುಡುಗನು ಅಂಗಡಿ ಮುಚ್ಚಿದ್ದರೆ ಮರಳಿ ಬರುವನು. ಕಂಪ್ಯೂಟರಾದರೋ, “ಮುಚ್ಚಿದ್ದರೆ ಮರಳಿ ಬಾ” ಎಂದು ಹೇಳದಿದ್ದಲ್ಲಿ ಬಾಗಿಲಲ್ಲಿಯೇ ನಿಂತಿರುವುದು. ಬರೆಯುವಾತನು ಮುಂದಾಗಬಹುದಾದ ಎಲ್ಲವನ್ನೂ ಊಹಿಸಿ, ಒಂದೊಂದಕ್ಕೂ ಅಪ್ಪಣೆಯನ್ನು ಬರೆದಿಡಬೇಕು. ಅಷ್ಟೇ ಅಲ್ಲ, ಮುಂದೆ ಮತ್ತೊಬ್ಬನು ಅದನ್ನು ಓದಿ ತಿದ್ದಲು ಸಾಧ್ಯವಾಗುವಂತೆ ಬರೆಯಬೇಕು. ಹೀಗಿರಲು ಈ ಕೆಲಸಕ್ಕೆ ಬೇಕಾದ ಗುಣಗಳು ಮುಖ್ಯವಾಗಿ ನಾಲ್ಕು: ಕೇಳಿದ್ದನ್ನು ಸರಿಯಾಗಿ ಗ್ರಹಿಸುವುದು, ಕ್ರಮವಾಗಿ ಯೋಚಿಸುವುದು, ಸ್ಪಷ್ಟವಾಗಿ ಬರೆಯುವುದು, ತನ್ನ ತಪ್ಪನ್ನು ತಾನೇ ಹುಡುಕಿ ತಿದ್ದಿಕೊಳ್ಳುವುದು. ಪರೀಕ್ಷೆಯು ಈ ನಾಲ್ಕನ್ನು ತೋರಿಸಿಕೊಟ್ಟರೆ ಒಳ್ಳೆಯ ಪರೀಕ್ಷೆ. ಬೇರೆ ಏನನ್ನೋ ತೋರಿಸಿದರೆ ಕೆಟ್ಟ ಪರೀಕ್ಷೆ. ನಮ್ಮ ಲೇಖನದ ತಿರುಳೆಲ್ಲ ಇಷ್ಟೇ.

ನಡೆದುಬಂದ ಪದ್ಧತಿ

ಇನ್ಫೋಸಿಸ್ ಕಂಪನಿಯು 1983ರಲ್ಲಿ ಬೆಂಗಳೂರಿಗೆ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ಕಚೇರಿ ತೆರೆಯಿತು. ತರುವಾಯದ ವರ್ಷಗಳಲ್ಲಿ ಸಾವಿರಾರು ಉಮೇದುವಾರರನ್ನು ಒಟ್ಟಿಗೆ ಪರೀಕ್ಷಿಸಬೇಕಾಗಿ ಬಂದಾಗ, ಒಗಟುಗಳನ್ನು ಕೇಳಿ ಬುದ್ಧಿಯನ್ನು ಅಳೆಯುವ ಪರಿಪಾಠ ಬೆಳೆಯಿತು. ಬೆಂಗಳೂರಿನಲ್ಲಿ ಜನಿಸಿ ಲೋಕಪ್ರಸಿದ್ಧರಾದ ಶಕುಂತಲಾದೇವಿಯವರ ಒಗಟಿನ ಪುಸ್ತಕಗಳನ್ನು ಉರುಹೊಡೆದುಕೊಂಡು ಪರೀಕ್ಷೆಗೆ ಹೋದವರು ಆ ಕಾಲದಲ್ಲಿ ಎಷ್ಟೋ ಮಂದಿ. ಅಮೆರಿಕದಲ್ಲಿಯೂ ಇದೇ ಗೀಳು ಹಬ್ಬಿತ್ತು. ವಿಮಾನವೊಂದರಲ್ಲಿ ಎಷ್ಟು ಗಾಲ್ಫ್ ಚೆಂಡುಗಳು ಹಿಡಿಸಬಹುದು ಎಂಬಂಥ ಪ್ರಶ್ನೆಗಳಿಗೆ ಗೂಗಲ್ ಕಂಪನಿಯು ಹೆಸರಾಗಿತ್ತು. ಆದರೆ 2013ರಲ್ಲಿ ಅದೇ ಕಂಪನಿಯ ನೇಮಕಾತಿಯ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ ಎಂಬವರು ಇಂಥ ಒಗಟುಗಳಿಂದ ಏನೂ ತಿಳಿಯುವುದಿಲ್ಲವೆಂದೂ, ಕೇಳುವವನಿಗೆ ತಾನು ಜಾಣನೆಂಬ ಹೆಮ್ಮೆ ಹುಟ್ಟುವುದೊಂದೇ ಅವುಗಳ ಪ್ರಯೋಜನವೆಂದೂ ಬಹಿರಂಗವಾಗಿ ಒಪ್ಪಿಕೊಂಡರು.

ಒಗಟುಗಳ ಸ್ಥಾನಕ್ಕೆ ಬಂದುದು ಕೋಡು ಬರೆಯಿಸುವ ಪರೀಕ್ಷೆ. ಇದಕ್ಕೆ ಈಗ ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದರಲ್ಲಿ ಉಮೇದುವಾರನು ತನ್ನ ಕಂಪ್ಯೂಟರಿನ ಮುಂದೆ ಕುಳಿತು ನಿಯಮಿತ ಕಾಲದಲ್ಲಿ ಎರಡು ಮೂರು ಪ್ರಶ್ನೆಗಳಿಗೆ ಪ್ರೋಗ್ರಾಮು ಬರೆಯಬೇಕು; ಯಂತ್ರವೇ ಅದನ್ನು ಪರೀಕ್ಷಿಸಿ ಅಂಕ ಕೊಡುವುದು. ಹ್ಯಾಕರ್‌ರ‍್ಯಾಂಕ್, ಬೆಂಗಳೂರಿನಲ್ಲಿ ಹುಟ್ಟಿದ ಹ್ಯಾಕರ್‌ಅರ್ತ್ ಮೊದಲಾದ ಸಂಸ್ಥೆಗಳು ಇಂಥ ಪರೀಕ್ಷೆಗಳನ್ನು ನಡೆಸಿಕೊಡುತ್ತವೆ. ಎರಡನೆಯದರಲ್ಲಿ ಪರೀಕ್ಷಕನು ಎದುರಿಗೆ ಕುಳಿತು ಅಥವಾ ದೂರದಿಂದ ತೆರೆಯ ಮೇಲೆ ನೋಡುತ್ತ, ಪ್ರಶ್ನೆ ಕೊಟ್ಟು, ಉಮೇದುವಾರನಿಂದ ಬರೆಯಿಸಿ, ಏಕೆ ಹೀಗೆ ಎಂದು ಕೇಳುತ್ತಾನೆ. ಮೂರನೆಯದು ಸಂಬಳ, ಊರು, ನಡೆನುಡಿಗಳ ಮಾತುಕತೆ. ಇವುಗಳಲ್ಲಿ ಎರಡನೆಯದೇ ಮರ್ಮಸ್ಥಾನ. ಒಳ್ಳೆಯವರು ಸೋಲುವುದೂ, ಉರುಹೊಡೆದವರು ಗೆಲ್ಲುವುದೂ ಅಲ್ಲಿಯೇ.

ಹೆದರಿಕೆಯ ಲೆಕ್ಕ

ಒಬ್ಬರು ನೋಡುತ್ತಿರುವಾಗ ಕೆಲಸ ಮಾಡುವುದು ಬೇರೆ, ಏಕಾಂತದಲ್ಲಿ ಮಾಡುವುದು ಬೇರೆ. ಹೊಸ ಸೊಸೆಯು ಅತ್ತೆಯ ಕಣ್ಣೆದುರಿಗೆ ರೊಟ್ಟಿ ಬಡಿಯುವಾಗ ಕೈ ತಪ್ಪಿದರೆ ಅವಳಿಗೆ ರೊಟ್ಟಿ ಬಾರದೆಂದು ಯಾರೂ ಹೇಳರು. ಅಮೆರಿಕದ ಉತ್ತರ ಕೆರೊಲೈನಾ ರಾಜ್ಯ ವಿಶ್ವವಿದ್ಯಾಲಯದವರೂ ಮೈಕ್ರೋಸಾಫ್ಟ್ ಕಂಪನಿಯವರೂ ಕೂಡಿ 2020ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇದನ್ನೇ ಲೆಕ್ಕದ ಮೂಲಕ ತೋರಿಸಿತು. 48 ಮಂದಿ ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನೆಯನ್ನು ಕೊಟ್ಟರು. ಕೆಲವರು ಪರೀಕ್ಷಕನ ಎದುರಿಗೆ ಹಲಗೆಯ ಮೇಲೆ ಬರೆಯುತ್ತ, ಬಾಯಿಬಿಟ್ಟು ವಿವರಿಸುತ್ತ ಬಿಡಿಸಬೇಕಾಗಿತ್ತು. ಉಳಿದವರು ಅದೇ ಹಲಗೆಯ ಮುಂದೆ, ಆದರೆ ಒಬ್ಬಂಟಿಗರಾಗಿ ಬಿಡಿಸಬೇಕಾಗಿತ್ತು. ನೋಡುವ ಕಣ್ಣೊಂದು ಇದ್ದ ಮಾತ್ರದಿಂದಲೇ ವಿದ್ಯಾರ್ಥಿಗಳ ಸಾಮರ್ಥ್ಯವು ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಇನ್ನೂ ಆಶ್ಚರ್ಯಕರವಾದುದೇನೆಂದರೆ, ಪರೀಕ್ಷಕನ ಎದುರಿಗೆ ಬರೆದ ಸ್ತ್ರೀಯರಲ್ಲಿ ಒಬ್ಬರೂ ಪ್ರಶ್ನೆಯನ್ನು ಬಿಡಿಸಲಿಲ್ಲ; ಏಕಾಂತದಲ್ಲಿ ಬರೆದ ಸ್ತ್ರೀಯರೆಲ್ಲರೂ ಬಿಡಿಸಿದರು. ಪ್ರಯೋಗವು ಚಿಕ್ಕದು, ಅದರಲ್ಲಿ ಭಾಗವಹಿಸಿದ ಸ್ತ್ರೀಯರೂ ಕೆಲವರೇ. ಇದೊಂದನ್ನೇ ನಂಬಿ ಲೋಕನಿಯಮವನ್ನು ಹೇಳಲಾಗದು. ಆದರೂ ಹೆಣ್ಣುಮಕ್ಕಳನ್ನು ಇಂಜಿನಿಯರಿಂಗ್ ಓದಿಸುತ್ತಿರುವ ಪ್ರತಿಯೊಂದು ಮನೆಯೂ, ಅವರನ್ನು ಪರೀಕ್ಷಿಸುವ ಪ್ರತಿಯೊಬ್ಬ ಪರೀಕ್ಷಕನೂ ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು. ಪ್ರೋಗ್ರಾಮು ಬರೆಯುವವನು ದಿನನಿತ್ಯ ಕೆಲಸ ಮಾಡುವುದು ಬೆನ್ನ ಹಿಂದೆ ಪರೀಕ್ಷಕನನ್ನು ನಿಲ್ಲಿಸಿಕೊಂಡಲ್ಲ. ಹೆದರಿಕೆಯನ್ನು ಹುಟ್ಟಿಸಿ ನಡೆಸುವ ಪರೀಕ್ಷೆಯು ಹೆದರಿಕೆಯನ್ನು ಅಳೆಯುವುದೇ ಹೊರತು ವಿದ್ಯೆಯನ್ನಲ್ಲ.

ಒಂದು ಪ್ರಶ್ನೆಯ ಉದಾಹರಣೆ

ಹಾಗಾದರೆ ಪ್ರಶ್ನೆ ಹೇಗಿರಬೇಕು? ಇದಕ್ಕೆ ದೂರ ಹೋಗಬೇಕಾದುದಿಲ್ಲ. ಕಲಬುರಗಿ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಕ್ರಿ. ಶ. 850ರ ಸುಮಾರಿನಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಆ ಗ್ರಂಥದಲ್ಲಿ ಸೂತ್ರಗಳ ಬೆನ್ನಿಗೇ ಹಣ್ಣು, ಚಿನ್ನ, ಬಡ್ಡಿ, ವ್ಯಾಪಾರ ಮೊದಲಾದ ಜೀವನದ ಸಂಗತಿಗಳಿಂದ ಹೆಣೆದ ಪ್ರಶ್ನೆಗಳು ರಾಶಿರಾಶಿಯಾಗಿ ಬರುತ್ತವೆ. ಕಲಿತವನಿಗೆ ಸೂತ್ರವು ಬಾಯಿಗೆ ಬಂದರೆ ಸಾಲದು, ಬದುಕಿನ ಲೆಕ್ಕಕ್ಕೆ ಅದನ್ನು ಹಚ್ಚಲು ಬರಬೇಕೆಂಬುದು ಆ ಕ್ರಮದಿಂದಲೇ ತಿಳಿಯುವುದು. ಇಂದಿನ ಪರೀಕ್ಷಕನಿಗೂ ಇದೇ ಮೇಲ್ಪಂಕ್ತಿ.

ಒಂದು ಉದಾಹರಣೆಯನ್ನು ಕೊಡುತ್ತೇವೆ. ಪೇಟೆಯಲ್ಲಿ ತೊಗರಿಯ ಕ್ವಿಂಟಲಿನ ಧಾರಣೆಯನ್ನು ದಿನದಿನವೂ ಬರೆದಿಟ್ಟ ಒಂದು ಪಟ್ಟಿಯುಂಟು. ಯಾವುದೋ ಒಂದು ದಿನ ಕೊಂಡು, ತರುವಾಯದ ಒಂದು ದಿನ ಮಾರಿದ್ದರೆ ಅತಿ ಹೆಚ್ಚಿನ ಲಾಭ ಎಷ್ಟಾಗುತ್ತಿತ್ತು ಎಂಬುದನ್ನು ಕಂಡುಹಿಡಿಯುವ ಪ್ರೋಗ್ರಾಮನ್ನು ಬರೆಯಬೇಕು. ಲೋಕದ ಎಲ್ಲ ಕಡೆ ಷೇರುಗಳ ಬೆಲೆಯ ರೂಪದಲ್ಲಿ ಕೇಳುವ ಪ್ರಸಿದ್ಧವಾದ ಪ್ರಶ್ನೆಯೇ ಇದು; ತೊಗರಿಯ ಉಡುಪು ಮಾತ್ರ ನಮ್ಮದು. ಐದು ದಿನಗಳ ಧಾರಣೆ ಕ್ರಮವಾಗಿ 7,000, 6,500, 8,000, 6,000, 7,200 ರೂಪಾಯಿಗಳೆಂದು ಇಟ್ಟುಕೊಳ್ಳೋಣ.

ಅವಸರದ ಉಮೇದುವಾರನು, “ಅತಿ ಕಡಮೆಯದು 6,000, ಅತಿ ಹೆಚ್ಚಿನದು 8,000, ಲಾಭ 2,000” ಎಂದುಬಿಡುವನು. ಆದರೆ 8,000ದ ದಿನವು ಮೊದಲು ಬಂದು 6,000ದ ದಿನವು ಆಮೇಲೆ ಬಂದಿತಷ್ಟೆ! ನಾಳೆ ಕೊಂಡ ತೊಗರಿಯನ್ನು ನಿನ್ನೆ ಮಾರಲು ಬರುವುದೆ? ಸರಿಯಾದ ಉತ್ತರ 1,500. ಎರಡನೆಯ ದಿನ ಕೊಂಡು ಮೂರನೆಯ ದಿನ ಮಾರುವುದು. ಇಲ್ಲಿ ಪರೀಕ್ಷಕನ ಗುಣ ಹೊರಬೀಳುತ್ತದೆ. “ತಪ್ಪು” ಎಂದು ಗದರಿಸಿ ಬರೆದುಕೊಳ್ಳುವವನು ಒಬ್ಬ. “ಈ ಐದು ದಿನಗಳನ್ನು ಬೆರಳಿಟ್ಟು ಒಂದೊಂದಾಗಿ ನಡೆಯಿಸಿ ತೋರಿಸಿರಿ” ಎನ್ನುವವನು ಇನ್ನೊಬ್ಬ. ಎರಡನೆಯವನಿಗೆ ಮಾತ್ರ, ಉಮೇದುವಾರನು ತನ್ನ ತಪ್ಪನ್ನು ತಾನೇ ಕಾಣಬಲ್ಲನೇ ಎಂಬ ಅಮೂಲ್ಯವಾದ ಸಂಗತಿ ತಿಳಿಯುವುದು.

ಮುಂದಿನ ಹೆಜ್ಜೆ ವೇಗದ್ದು. ಪ್ರತಿಯೊಂದು ದಿನವನ್ನೂ ಅದರ ಮುಂದಿನ ಎಲ್ಲ ದಿನಗಳೊಡನೆ ಹೋಲಿಸುತ್ತ ಹೋದರೆ ಉತ್ತರವೇನೋ ಸಿಕ್ಕುವುದು. 30 ದಿನಗಳಿಗೆ 435 ಹೋಲಿಕೆಗಳಾದುವು. ಒಂದು ವರ್ಷಕ್ಕೆ 66,430 ಆಗುವುವು. ಇದಕ್ಕಿಂತ ಜಾಣತನದ ದಾರಿಯುಂಟು. ಪಟ್ಟಿಯನ್ನು ಮೇಲಿನಿಂದ ಒಮ್ಮೆ ಮಾತ್ರ ಓದುತ್ತ, ಇದುವರೆಗೆ ಕಂಡ ಅತಿ ಕಡಮೆಯ ಧಾರಣೆ ಯಾವುದು, ಇದುವರೆಗೆ ದೊರೆತ ಅತಿ ಹೆಚ್ಚಿನ ಲಾಭ ಎಷ್ಟು ಎಂಬ ಎರಡೇ ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡು ಹೋದರೆ, ಪಟ್ಟಿ ಮುಗಿಯುವಾಗ ಉತ್ತರವೂ ಕೈಯಲ್ಲಿರುವುದು. ಇಡೀ ವರ್ಷಕ್ಕೆ 365 ನೋಟಗಳು ಸಾಕು. ಉಮೇದುವಾರನು ಮೊದಲು ಉದ್ದದ ದಾರಿಯನ್ನು ಹೇಳಿ, ಆಮೇಲೆ ಸಣ್ಣದೊಂದು ಸೂಚನೆಯಿಂದ ಹತ್ತಿರದ ದಾರಿಗೆ ಬಂದರೆ ಅದು ಲೋಪವಲ್ಲ. ಕೆಲಸದಲ್ಲಿಯೂ ಹೀಗೆಯೇ ನಡೆಯುವುದು.

ಇಷ್ಟಕ್ಕೇ ನಿಲ್ಲಿಸಬಾರದು. ಪೇಟೆಗೆ ರಜವಿದ್ದ ದಿನ ಗುಮಾಸ್ತನು ಪಟ್ಟಿಯಲ್ಲಿ ಸೊನ್ನೆ ಬರೆದಿದ್ದರೆ ಏನಾಗುವುದು? ಪ್ರೋಗ್ರಾಮು ಅಂದು ತೊಗರಿಯು ಪುಕ್ಕಟೆ ಸಿಕ್ಕಿತೆಂದು ತಿಳಿದು, ಇಲ್ಲದ ಲಾಭವನ್ನು ಸಾವಿರಗಟ್ಟಲೆ ತೋರಿಸುವುದು! ಧಾರಣೆಯು ದಿನದಿನವೂ ಇಳಿಯುತ್ತಲೇ ಹೋಗಿದ್ದರೆ ಏನು ಹೇಳಬೇಕು? ಪಟ್ಟಿಯಲ್ಲಿ ಒಂದೇ ದಿನವಿದ್ದರೆ? ಈ ಪ್ರಶ್ನೆಗಳನ್ನು ಪರೀಕ್ಷಕನು ಕೇಳುವುದಕ್ಕೆ ಮುಂಚೆ ತಾನಾಗಿಯೇ ಎತ್ತುವ ಉಮೇದುವಾರನು ದೊರೆತರೆ ಅವನನ್ನು ಬಿಡಬಾರದು. ಒಗಟು ಬಿಡಿಸುವವರು ಬಹಳ ಮಂದಿ ಸಿಕ್ಕುವರು. ರಜದ ದಿನದ ಸೊನ್ನೆಯನ್ನು ಕಾಣುವವರು ವಿರಳ. ಬ್ಯಾಂಕಿನ ಲೆಕ್ಕವೂ ಆಸ್ಪತ್ರೆಯ ಔಷಧದ ಪಟ್ಟಿಯೂ ಕೆಡುವುದು ಇಂಥ ಸೊನ್ನೆಗಳಿಂದಲೇ.

ಹೊಸದಾಗಿ ಓದು ಮುಗಿಸಿ ಬಂದವರಿಗೆ ಇದಕ್ಕಿಂತ ಸುಲಭವಾದ ಪ್ರಶ್ನೆಯಿಂದ ಆರಂಭಿಸುವುದು ಲೇಸು. 2007ರಿಂದ ಪ್ರಚಾರಕ್ಕೆ ಬಂದ ‘ಫಿಜ್‌ಬಜ್’ ಎಂಬ ಪ್ರಶ್ನೆಯು ಮಕ್ಕಳ ಆಟದಿಂದ ಹುಟ್ಟಿದುದು. 1ರಿಂದ 100ರ ವರೆಗೆ ಎಣಿಸುತ್ತ, 3ರಿಂದ ಭಾಗವಾಗುವಲ್ಲಿ ಒಂದು ಮಾತು, 5ರಿಂದ ಭಾಗವಾಗುವಲ್ಲಿ ಮತ್ತೊಂದು ಮಾತು, ಎರಡರಿಂದಲೂ ಭಾಗವಾಗುವಲ್ಲಿ ಎರಡನ್ನೂ ಹೇಳಬೇಕು. ಇಷ್ಟು ಸುಲಭವಾದುದನ್ನು ಬರೆಯಲಾರದವರೂ ಪದವಿಪತ್ರ ಹಿಡಿದು ಬರುತ್ತಾರೆಂಬುದು ಪರೀಕ್ಷಕರ ಅನುಭವ. ಬಲ್ಲವರಿಗಾದರೋ ಮೊದಲ ಐದು ನಿಮಿಷಗಳಲ್ಲಿಯೇ ಒಂದು ಗೆಲುವು ದೊರೆತು, ಕೈ ನಡುಕ ನಿಂತು, ಮುಂದಿನ ಕೆಲಸಕ್ಕೆ ಧೈರ್ಯ ಬರುವುದು.

ಪರೀಕ್ಷಕನು ಪಾಲಿಸಬೇಕಾದ ಕ್ರಮ

ನೇಮಕದ ಪರೀಕ್ಷೆಗಳನ್ನು ಕುರಿತು 85 ವರ್ಷಗಳಲ್ಲಿ ನಡೆದ ಸಂಶೋಧನೆಗಳನ್ನೆಲ್ಲ ಕಲೆಹಾಕಿ ಫ್ರಾಂಕ್ ಸ್ಮಿಟ್, ಜಾನ್ ಹಂಟರ್ ಎಂಬಿಬ್ಬರು ಅಮೆರಿಕದ ವಿದ್ವಾಂಸರು 1998ರಲ್ಲಿ ಒಂದು ಪ್ರಬಂಧ ಬರೆದರು. ಬಾಯಿಗೆ ಬಂದಂತೆ ಪ್ರಶ್ನೆ ಕೇಳುವ ಸಂದರ್ಶನಕ್ಕಿಂತ, ಮೊದಲೇ ಗೊತ್ತುಮಾಡಿಕೊಂಡ ಪ್ರಶ್ನೆಗಳನ್ನು ಎಲ್ಲರಿಗೂ ಒಂದೇ ತೆರನಾಗಿ ಕೇಳುವ ಸಂದರ್ಶನವೂ, ನಿಜವಾದ ಕೆಲಸದ ಒಂದು ತುಣುಕನ್ನು ಮಾಡಿಸಿ ನೋಡುವುದೂ ಹೆಚ್ಚು ನಂಬತಕ್ಕವೆಂಬುದು ಅದರಿಂದ ಗೊತ್ತಾಯಿತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕಗಳನ್ನು ಮತ್ತೆ ಶೋಧಿಸಿದಾಗ ಅಂಕಿಗಳು ತಗ್ಗಿದುವಾದರೂ, ಕ್ರಮಬದ್ಧವಾದ ಸಂದರ್ಶನವು ಮೊದಲ ಸ್ಥಾನಕ್ಕೆ ಬಂದಿತು. ಇದನ್ನೇ ಆಧಾರವಾಗಿಟ್ಟುಕೊಂಡು ಕೆಲವು ನಿಯಮಗಳನ್ನು ಹೇಳಬಹುದು.

ಮೊದಲನೆಯದಾಗಿ, ಒಂದೇ ಹುದ್ದೆಗೆ ಬಂದ ಎಲ್ಲರಿಗೂ ಅದೇ ಪ್ರಶ್ನೆ, ಅದೇ ಅವಧಿ, ಅದೇ ಸೂಚನೆಗಳಿರಬೇಕು. ಒಬ್ಬನಿಗೆ ಬಳ್ಳದಿಂದಲೂ ಇನ್ನೊಬ್ಬನಿಗೆ ಪಾವಿನಿಂದಲೂ ಅಳೆದು ಹೋಲಿಸುವುದು ನ್ಯಾಯವಲ್ಲ. ಎರಡನೆಯದಾಗಿ, ಆ ಪ್ರಶ್ನೆಯನ್ನು ಪರೀಕ್ಷಕನು ತಾನು ಮೊದಲು ಬಿಡಿಸಿ ನೋಡಿರಬೇಕು. ತನಗೆ ಇಪ್ಪತ್ತು ನಿಮಿಷ ಹಿಡಿದುದಕ್ಕೆ ಹೆದರಿದ ಹುಡುಗನಿಗೆ ನಲ್ವತ್ತಾದರೂ ಕೊಡಬೇಕು. ಮೂರನೆಯದಾಗಿ, ಒಂದು ಗಂಟೆಯ ಸಂದರ್ಶನದಲ್ಲಿ ಮೊದಲ ಐದು ನಿಮಿಷ ಪರಿಚಯಕ್ಕೂ, ಕೊನೆಯ ಹತ್ತು ನಿಮಿಷ ಉಮೇದುವಾರನು ಕೇಳುವ ಪ್ರಶ್ನೆಗಳಿಗೂ ಮೀಸಲಾಗಿರಬೇಕು. ನಾಲ್ಕನೆಯದಾಗಿ, ಪ್ರಶ್ನೆಯನ್ನು ಬರಹದಲ್ಲಿ ಕೊಟ್ಟು, “ಹತ್ತು ನಿಮಿಷ ನಿಮ್ಮ ಪಾಡಿಗೆ ನೀವು ಯೋಚಿಸಿರಿ, ನಾನು ಆಮೇಲೆ ಬರುತ್ತೇನೆ” ಎಂದು ಏಕಾಂತವನ್ನು ಒದಗಿಸಬೇಕು. ಮೇಲೆ ಹೇಳಿದ ಪ್ರಯೋಗದ ಫಲವನ್ನು ಬಳಸಿಕೊಳ್ಳುವುದಕ್ಕೆ ಇದಕ್ಕಿಂತ ಅಗ್ಗವಾದ ಉಪಾಯವಿಲ್ಲ.

ಐದನೆಯದಾಗಿ, ಅಂಕಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು: ಪ್ರಶ್ನೆಯನ್ನು ಗ್ರಹಿಸಿದುದಕ್ಕೆ ಇಷ್ಟು, ದಾರಿಯನ್ನು ಕಂಡುದಕ್ಕೆ ಇಷ್ಟು, ಬರಹದ ಸ್ಪಷ್ಟತೆಗೆ ಇಷ್ಟು, ಪರೀಕ್ಷಿಸಿ ತಿದ್ದಿದುದಕ್ಕೆ ಇಷ್ಟು ಎಂದು. ಇಬ್ಬರು ಪರೀಕ್ಷಕರಿದ್ದರೆ ಒಬ್ಬರೊಡನೊಬ್ಬರು ಮಾತಾಡುವುದಕ್ಕೆ ಮುಂಚೆಯೇ ಇಬ್ಬರೂ ಪ್ರತ್ಯೇಕವಾಗಿ ಅಂಕಗಳನ್ನು ಬರೆಯಬೇಕು. ಇಲ್ಲವಾದರೆ ಹಿರಿಯನ ಮಾತೇ ಕಿರಿಯನ ಅಭಿಪ್ರಾಯವಾಗುವುದು. ಆರನೆಯದಾಗಿ, ಉಮೇದುವಾರನು ತಾನು ಬಲ್ಲ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲು ಸ್ವತಂತ್ರನಾಗಿರಬೇಕು. ಅರ್ಧವಿರಾಮ ಬಿಟ್ಟುಹೋದುದಕ್ಕೆ ಅಂಕ ಕಳೆಯುವುದು ಸಣ್ಣತನ. ಏಳನೆಯದಾಗಿ, ಫಲವೇನೇ ಆಗಲಿ ಗೊತ್ತಾದ ದಿನದೊಳಗೆ ತಿಳಿಸಬೇಕು. ಬರುವ ಪತ್ರಕ್ಕಾಗಿ ಒಂದು ಇಡೀ ಮನೆ ಕಾದಿರುವುದೆಂಬುದನ್ನು ಪರೀಕ್ಷಕನು ಮರೆಯಲಾಗದು.

ಚಿಕ್ಕ ಅಂಗಡಿ ಅಥವಾ ಆಸ್ಪತ್ರೆಗೆ ಒಬ್ಬನನ್ನೇ ನೇಮಿಸಿಕೊಳ್ಳುವ ಗೃಹಸ್ಥನಿಗೆ ಇಷ್ಟು ಏರ್ಪಾಟು ಸಾಧ್ಯವಿಲ್ಲದಿರಬಹುದು. ಅಂಥವನು ಈ ವಿದ್ಯೆ ಬಲ್ಲ ಒಬ್ಬ ಪರಿಚಿತನನ್ನು ಪಕ್ಕಕ್ಕೆ ಕೂಡಿಸಿಕೊಂಡು, ತನ್ನ ನಿಜವಾದ ಕೆಲಸದ ಒಂದು ಚಿಕ್ಕ ತುಣುಕನ್ನೇ ಕೊಟ್ಟು ಮಾಡಿಸಲಿ. ಕೆಲಸವು ಎರಡು ಮೂರು ಗಂಟೆಗಳನ್ನು ಮೀರುವುದಾದರೆ ಅದಕ್ಕೆ ಕೂಲಿ ಕೊಡುವುದೇ ಧರ್ಮ. ಪರೀಕ್ಷೆಯ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದು ಪರೀಕ್ಷೆಯಲ್ಲ, ಬಿಟ್ಟಿ.

ಭಾಷೆ ಮತ್ತು ಸಂಕೋಚ

ರೋಜಾದ ಮನೆಗಳಲ್ಲಿ ದಖನಿ, ಕಮಲಾಪುರದ ಮನೆಗಳಲ್ಲಿ ಕನ್ನಡ. ಸಂದರ್ಶನ ಮಾತ್ರ ಇಂಗ್ಲಿಷಿನಲ್ಲಿ. ಎರಡು ಭಾಷೆಗಳ ನಡುವೆ ಬೆಳೆದ ಮಗು ಮೂರನೆಯದರಲ್ಲಿ ತನ್ನ ಯೋಚನೆಯನ್ನು ಹೇಳಬೇಕಾದಾಗ ತಡವರಿಸುವುದು ಸಹಜ. ಆ ತಡವರಿಕೆಯನ್ನು ಬುದ್ಧಿಯ ಮಾಂದ್ಯವೆಂದು ತಿಳಿದ ಪರೀಕ್ಷಕನು ತನ್ನ ಕಂಪನಿಗೇ ನಷ್ಟವನ್ನುಂಟುಮಾಡುತ್ತಾನೆ. ಪರದೇಶದ ಗಿರಾಕಿಗಳೊಡನೆ ಮಾತಾಡುವ ಹುದ್ದೆಯಾದರೆ ಇಂಗ್ಲಿಷನ್ನು ಬೇರೆಯಾಗಿ ಪರೀಕ್ಷಿಸಿ ಬೇರೆಯಾಗಿಯೇ ಅಂಕ ಕೊಡಲಿ. ಯೋಚನೆಯ ಅಂಕದಲ್ಲಿ ಅದನ್ನು ಬೆರೆಸದಿರಲಿ. ಪರೀಕ್ಷಕನಿಗೆ ಕನ್ನಡವೋ ಉರ್ದುವೋ ತಿಳಿದಿದ್ದರೆ, “ನಿಮಗೆ ಸುಲಭವಾದ ಮಾತಿನಲ್ಲಿ ವಿವರಿಸಿರಿ” ಎನ್ನುವುದರಿಂದ ಅವನ ಘನತೆಗೇನೂ ಕುಂದು ಬಾರದು. ಮಾತು ಬಾರದವನ ಬರಹವನ್ನು ನೋಡಬೇಕು; ಪ್ರೋಗ್ರಾಮು ಓಡುವುದು ಉಚ್ಚಾರಣೆಯಿಂದಲ್ಲವಷ್ಟೆ.

ಕೇಳಬಾರದ ಪ್ರಶ್ನೆಗಳೂ ಕೆಲವುಂಟು. “ಮದುವೆ ಯಾವಾಗ? ಮದುವೆಯಾದ ಮೇಲೆ ಕೆಲಸ ಬಿಡುವಿರೋ?” ಎಂದು ಹೆಣ್ಣುಮಕ್ಕಳನ್ನು ಕೇಳುವುದೂ, ಜಾತಿ ಮತಗಳನ್ನು ಕೆದಕುವುದೂ, ತಂದೆಯ ಉದ್ಯೋಗವನ್ನು ಕೇಳಿ ಮುಖ ಸಿಂಡರಿಸುವುದೂ ಪರೀಕ್ಷೆಗೆ ಸಂಬಂಧಪಟ್ಟುವಲ್ಲ. ಇವುಗಳಿಗೆ ಬರುವ ಉತ್ತರಗಳಿಂದ ಕೆಲಸದ ಸಾಮರ್ಥ್ಯವು ಒಂದು ಗುಲಗಂಜಿಯಷ್ಟೂ ತಿಳಿಯುವುದಿಲ್ಲ. ಕೇಳುವವನ ಗುಣ ಮಾತ್ರ ತಿಳಿಯುವುದು.

ಯಂತ್ರದ ನೆರವು

ಈಚಿನ ಕೆಲವು ವರ್ಷಗಳಲ್ಲಿ ಹೊಸ ತೊಡಕೊಂದು ಹುಟ್ಟಿದೆ. 2022ರ ನವೆಂಬರ್ ತಿಂಗಳಲ್ಲಿ ಚಾಟ್‌ಜಿಪಿಟಿ ಎಂಬುದು ಹೊರಬಂದ ಮೇಲೆ, ಪ್ರಶ್ನೆಯನ್ನು ಹೇಳಿದರೆ ಯಂತ್ರವೇ ಪ್ರೋಗ್ರಾಮನ್ನು ಬರೆದುಕೊಡುವ ಕಾಲ ಬಂದಿದೆ. ಮನೆಯಲ್ಲಿ ಕುಳಿತು ಬರೆಯುವ ಪರೀಕ್ಷೆಯಲ್ಲಿ ಕೆಲವರು ಗುಟ್ಟಾಗಿ ಯಂತ್ರವನ್ನು ಕೇಳಿ ಬರೆಯುತ್ತಾರೆ. ಇದರಿಂದ ಬೇಸತ್ತು ಹಲವು ಕಂಪನಿಗಳು ಎದುರಾಎದುರಿಯಾಗಿ ಕೂಡಿಸಿ ನಡೆಸುವ ಸಂದರ್ಶನಕ್ಕೆ ಮರಳುತ್ತಿವೆ. ಕಲಬುರಗಿಯ ಉಮೇದುವಾರನಿಗೆ ಇದರ ಅರ್ಥ ಬೆಂಗಳೂರಿಗೆ ಒಂದು ರಾತ್ರಿಯ ರೈಲು ಪ್ರಯಾಣ ಮತ್ತು ನಿದ್ದೆಗೆಟ್ಟ ಮುಂಜಾವು. ದೂರದಿಂದ ಕರೆಯಿಸುವ ಕಂಪನಿಯು ಪ್ರಯಾಣದ ವೆಚ್ಚ ಕೊಡುವುದೂ, ಇಳಿದ ದಿನ ಮಧ್ಯಾಹ್ನದ ತರುವಾಯ ಸಮಯ ಗೊತ್ತುಪಡಿಸುವುದೂ ಉಚಿತ. ಇದಕ್ಕಿಂತ ದೂರದೃಷ್ಟಿಯ ಉಪಾಯವೆಂದರೆ, ಯಂತ್ರ ಬರೆದುಕೊಟ್ಟ ಪ್ರೋಗ್ರಾಮೊಂದನ್ನು ಉಮೇದುವಾರನ ಮುಂದಿಟ್ಟು, “ಇದರಲ್ಲಿ ತಪ್ಪೆಲ್ಲಿದೆ? ಏಕೆ ತಪ್ಪು?” ಎಂದು ಕೇಳುವುದು. ರಜದ ದಿನದ ಸೊನ್ನೆಯನ್ನು ಯಂತ್ರವೂ ಎಷ್ಟೋ ಸಲ ಕಾಣದು. ಇನ್ನು ಮುಂದೆ ಬರೆಯುವ ಕೈಗಿಂತ ತಪ್ಪನ್ನು ಹಿಡಿಯುವ ಕಣ್ಣಿಗೇ ಬೆಲೆ ಹೆಚ್ಚುವುದೆಂದು ನಮಗೆ ತೋರುತ್ತದೆ.

ಮನೆಯವರು ಮಾಡಬಹುದಾದುದು

ಮಕ್ಕಳನ್ನು ಸಂದರ್ಶನಕ್ಕೆ ಕಳುಹುವ ತಾಯಿತಂದೆಗಳಿಗೂ ಒಂದೆರಡು ಮಾತು. ಸಾವಿರ ಪ್ರಶ್ನೆಗಳನ್ನು ಉರುಹೊಡೆಯುವುದಕ್ಕಿಂತ ನೂರು ಪ್ರಶ್ನೆಗಳನ್ನು ಸ್ವಂತವಾಗಿ ಬಿಡಿಸಿ, ಬಿಡಿಸಿದ ಬಗೆಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮೇಲು. ಸಂಜೆಯ ಹೊತ್ತು ತಾಯಿಯೋ ಅಜ್ಜನೋ ಎದುರಿಗೆ ಕುಳಿತು, “ಆ ತೊಗರಿಯ ಲೆಕ್ಕ ನನಗೆ ಹೇಳು ನೋಡೋಣ” ಎಂದು ಕೇಳಿಸಿಕೊಳ್ಳಲಿ. ಗಣಕವಿದ್ಯೆ ತಿಳಿಯದವರಿಗೆ ತಿಳಿಯುವಂತೆ ಹೇಳಬಲ್ಲ ಮಗುವು ಪರೀಕ್ಷಕನಿಗೆ ಹೇಳಲು ಅಂಜದು. ನೋಡುವ ಕಣ್ಣಿನ ಭಯವೂ ಹೀಗೆಯೇ ಸವೆಯುವುದು. ಎರಡನೆಯದಾಗಿ, ಕೆಲಸ ಕೊಡಿಸುತ್ತೇವೆಂದು ಠೇವಣಿ, ತರಬೇತಿ, ನೋಂದಣಿ ಎಂಬ ಹೆಸರುಗಳಲ್ಲಿ ಹಣ ಕೇಳುವವರನ್ನು ನಂಬಬೇಡಿರಿ. ಕೆಲಸ ಕೊಡುವವನು ಸಂಬಳ ಕೊಡುವನೇ ಹೊರತು ಹಣ ಕೇಳನು. ಮೂರನೆಯದಾಗಿ, ಒಂದು ಸಂದರ್ಶನದಲ್ಲಿ ಆರಿಸಿ ಬಾರದ ಮಗುವನ್ನು ನೆರೆಯವರ ಮಕ್ಕಳೊಡನೆ ಹೋಲಿಸಿ ನೋಯಿಸಬೇಡಿರಿ. ಅಳತೆಗೋಲೇ ಡೊಂಕಾಗಿರಬಹುದೆಂಬುದನ್ನು ಮೇಲೆ ವಿವರವಾಗಿ ಹೇಳಿದ್ದೇವೆ. ಎಲ್ಲಿ ಸಿಕ್ಕಿಕೊಂಡೆ ಎಂದು ಶಾಂತವಾಗಿ ಕೇಳಿ, ಅದೇ ಪ್ರಶ್ನೆಯನ್ನು ಮನೆಯಲ್ಲಿ ಮುಗಿಸುವಂತೆ ಪ್ರೋತ್ಸಾಹಿಸಿರಿ.

ಪರೀಕ್ಷಕನ ಆಸನವು ಸಣ್ಣ ಅಧಿಕಾರವಲ್ಲ. ನಿಷ್ಠುರವಾಗಿ ಆರಿಸುವುದು ಅವನ ಕರ್ತವ್ಯ. ಯೋಗ್ಯತೆಯಿಲ್ಲದವರನ್ನು ಕನಿಕರದಿಂದ ಸೇರಿಸಿಕೊಂಡರೆ ಕೆಲಸವೂ ಕೆಡುವುದು, ಆ ಉಮೇದುವಾರನೂ ನೋಯುವನು. ಆದರೆ ನಿಷ್ಠುರತೆ ಬೇರೆ, ಕ್ರೌರ್ಯ ಬೇರೆ. ಒಳ್ಳೆಯ ಪ್ರಶ್ನೆಯನ್ನು ಕೇಳಿ, ಯೋಚಿಸಲು ಹೊತ್ತು ಕೊಟ್ಟು, ತಪ್ಪಿದಲ್ಲಿ ತಿದ್ದಿಕೊಳ್ಳಲು ಅವಕಾಶವಿತ್ತು, ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೆದವನು “ಇಲ್ಲ” ಎಂದರೂ ಆ ಮಾತನ್ನು ಕೇಳಿದವನು ಏನನ್ನೋ ಕಲಿತುಕೊಂಡೇ ಮನೆಗೆ ಮರಳುವನು. ಅಂಥ ಪರೀಕ್ಷಕರು ನಮ್ಮ ಮನೆಗಳಿಂದಲೇ ಹೊರಡುವಂತಾಗಲಿ.